ಅತ್ತೆ ಆರಿಸಿದ ಪ್ರೊಸೆಸರ್

ಮೊನ್ನೆ ಮನೆಗೊಂದು ಹೊಸ ಕಂಪ್ಯೂಟರ್ ಬಂತು. ಗಾತ್ರದಲ್ಲಿ ಊಟದ ಡಬ್ಬಿಗಿಂತ ದೊಡ್ಡದಲ್ಲ. ಮೇಜಿನ ಮೇಲಿಟ್ಟು, ಗುಂಡಿ ಒತ್ತಿ, ಕಾಯುತ್ತಾ ಕುಳಿತೆ. ಏನೂ ಕೇಳಿಸಲಿಲ್ಲ. ಕರೆಂಟ್ ಹೋಯಿತೇನೋ ಎಂದು ತಲೆಯೆತ್ತಿದರೆ ಸೀಲಿಂಗ್ ಫ್ಯಾನ್ ತನ್ನ ಪಾಡಿಗೆ ತಿರುಗುತ್ತಿದೆ. ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದೆ. ಪರದೆಯ ಮೇಲೆ ಬೆಳಕು ಮೂಡಿದ ಮೇಲೆಯೇ ಇದಕ್ಕೆ ಜೀವವಿದೆ ಎಂದು ನಂಬಿಕೆ ಬಂದದ್ದು. ಇನ್ನೂ ಕಟ್ಟದ ಮನೆಗಳ ಒಳಗೆ ಓಡಾಡಿ ಬಂದಂತೆ ಕಾಣುವ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಯಾರಿಸುವುದು ನನ್ನ ಕಸುಬು. ಹಿಂದೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸವನ್ನು ಈ ಡಬ್ಬಿ ನಾನೊಂದು ಲೋಟ ಕಾಫಿ ಕುಡಿಯುವುದರೊಳಗೆ ಮುಗಿಸಿ ಗಪ್‌ಚುಪ್ಪಾಗಿ ಕುಳಿತಿತ್ತು. ಸಂತೋಷಪಡಬೇಕಾದ ವಿಷಯವೇ. ಪಟ್ಟೆ ಕೂಡ, ಸ್ವಲ್ಪ ಹೊತ್ತು.

ಆಮೇಲೆ ಬಾಗಿಲು ತೆರೆಯಿತು. ಈಚೆಗೆ ನಿವೃತ್ತರಾಗಿ ಮನೆಯಲ್ಲಿರುವ ನಮ್ಮವರು ಇಣುಕಿ, "ಸುಮ್ನೆ ಕೂತಿದೀಯಾ? ನನ್ನ ಕನ್ನಡಕದ ಡಬ್ಬಿ ನೋಡಿದ್ಯಾ?" ಎಂದರು. ಹುಡುಕಿಕೊಟ್ಟು ಬಂದು ಕುಳಿತೆ. ಮಗಳು ಬಂದಳು. "ಅಮ್ಮ, ಫ್ರೀ ಇದೀಯಲ್ಲ, ಈ ಕುರ್ತಾ ಹೊಲಿಗೆ ಬಿಟ್ಟೋಗಿದೆ ನೋಡು." ಅದೂ ಆಯಿತು. ನಮ್ಮವರು ಮತ್ತೆ ಬಂದರು, ಈ ಸಲ ಏನೂ ಕೇಳುವುದಕ್ಕಲ್ಲ, ಬಾಗಿಲಿಗೆ ಒರಗಿ ನಿಂತು ಪೇಪರಿನಲ್ಲಿ ಓದಿದ್ದನ್ನು ಹೇಳುವುದಕ್ಕೆ. ಮಧ್ಯಾಹ್ನದ ಹೊತ್ತಿಗೆ ನನಗೆ ಅಳುವಷ್ಟು ಸಿಟ್ಟು ಬಂದಿತ್ತು. ಇಷ್ಟು ವರ್ಷ ಇದೇ ಕೋಣೆಯಲ್ಲಿ, ಇದೇ ಜನರ ನಡುವೆ ಕೆಲಸ ಮಾಡಿದವಳು ನಾನು. ಇವತ್ತು ಇವರಿಗೆಲ್ಲ ಏನು ಬಂತು ಎಂದುಕೊಳ್ಳುತ್ತಾ ಮೇಲೆ ನೋಡಿದಾಗ ಅಟ್ಟದಲ್ಲಿ ಹಳೇ ಸೀರೆ ಹೊದ್ದು ಕುಳಿತಿದ್ದ ಕಬ್ಬಿಣದ ಪೆಟ್ಟಿಗೆ ಕಣ್ಣಿಗೆ ಬಿತ್ತು.

ಆ ಪೆಟ್ಟಿಗೆ ಈ ಮನೆಗೆ ಬಂದ ಬಗೆಯನ್ನು ನಿಮಗೆ ಹೇಳಬೇಕು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಹೆರಿಗೆಗೆ ಮೊದಲು ನಾನು ರಾಜಾಜಿನಗರದಲ್ಲಿ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬಾಗಿಲು ತಾನಾಗಿ ತೆರೆದುಕೊಂಡು, ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಮಹಡಿಗೆ ತೇಲಿಕೊಂಡು ಹೋಗುವ ಚಿತ್ರಗಳು ಆಗ ಹೊಸತು. ಗಿರಾಕಿಗಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ನೋಡಿ ಮುಗಿಯುವುದರೊಳಗೆ ಗಂಡಹೆಂಡತಿ ಗೋಡೆಯ ಬಣ್ಣಕ್ಕೆ ಜಗಳ ಶುರುಮಾಡಿರುತ್ತಿದ್ದರು. ನನ್ನ ಅಡುಗೆಮನೆಗಳಲ್ಲಿ ಗ್ರಾನೈಟ್ ಕಟ್ಟೆ ಹೊಳೆಯುತ್ತಿತ್ತು, ಬುಟ್ಟಿಯಲ್ಲಿ ಹಸಿರು ಸೇಬುಗಳಿರುತ್ತಿದ್ದವು, ಮನುಷ್ಯರು ಮಾತ್ರ ಇರುತ್ತಿರಲಿಲ್ಲ. ಹಸಿರು ಸೇಬನ್ನು ನಮ್ಮ ಮನೆಗೆ ನಾನು ಇವತ್ತಿನವರೆಗೆ ತಂದವಳಲ್ಲ. ಆಗ ತಾನೇ ಓಪನ್ ಕಿಚನ್ ಗೀಳು ಶುರುವಾಗಿತ್ತು. "ಅಡುಗೆ ಮಾಡೋರು ಒಂಟಿ ಆಗ್ಬಾರ್ದು ನೋಡಿ, ಆ ಗೋಡೆ ತೆಗೀರಿ" ಎನ್ನುವರು ನಮ್ಮ ಆರ್ಕಿಟೆಕ್ಟರು. ನಾನು ಗೋಡೆ ಅಳಿಸುತ್ತಿದ್ದೆ, ಬಾಗಿಲು ಅಳಿಸುತ್ತಿದ್ದೆ. ಮನೆ ಯಜಮಾನರ ಸ್ಟಡಿ ರೂಮಿಗೆ ಮಾತ್ರ ಒಳ್ಳೆಯ ತೇಗದ ಬಾಗಿಲು ಕೂರಿಸುತ್ತಿದ್ದೆ.

ಮಗುವಾದ ಮೇಲೆ ದಿನವೂ ಆಫೀಸಿಗೆ ಹೋಗುವುದು ಸಾಧ್ಯವಿರಲಿಲ್ಲ. ಆರ್ಕಿಟೆಕ್ಟರು ಕೆಟ್ಟವರಲ್ಲ. "ಕೆಲ್ಸ ಮನೆಗೇ ಕಳಿಸ್ತೀನಿ ಮೇಡಂ. ಹೇಳಿದ ದಿನಕ್ಕೆ ಬಂದ್ರೆ ನಿಮ್ ಜಾಗ ನಿಮ್ದೇ. ಬರ್ಲಿಲ್ಲ ಅಂದ್ರೆ ನಾನು ಇನ್ನೊಬ್ರನ್ನ ನೋಡ್ಲೇಬೇಕಾಗುತ್ತೆ" ಎಂದರು. ನ್ಯಾಯವಾದ ಮಾತು. ಹೊಸ ಹುಡುಗರು ವರ್ಷ ವರ್ಷ ಕಾಲೇಜಿನಿಂದ ಬರುತ್ತಿದ್ದರು, ಒಮ್ಮೆ ಕೈತಪ್ಪಿದರೆ ಆ ಕೆಲಸ ಮತ್ತೆ ನನ್ನ ಕೈಗೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಎದೆಯಲ್ಲಿ ಹೆದರಿಕೆ ಇಟ್ಟುಕೊಂಡೇ ಒಪ್ಪಿಕೊಂಡು ಬಂದೆ.

ಮನೆಯಲ್ಲಿದ್ದದ್ದು ಮಾಮೂಲಿ ಕಂಪ್ಯೂಟರ್. ಚಿತ್ರದ ಒಂದೊಂದು ತುಣುಕಿಗೂ ಬೆಳಕು ನೆರಳು ಲೆಕ್ಕ ಹಾಕಿ ಬರೆಯುವುದಕ್ಕೆ ರೆಂಡರ್ ಎನ್ನುತ್ತೇವೆ. ಅದನ್ನು ಶುರುಮಾಡಿದರೆ ಆ ಕಂಪ್ಯೂಟರ್ ಉಸಿರು ಬಿಗಿಹಿಡಿದು ಕುಳಿತುಬಿಡುತ್ತಿತ್ತು, ಇನ್ನೇನೂ ಮಾಡಲು ಬಿಡುತ್ತಿರಲಿಲ್ಲ. ಮುಗಿಯುವುದಕ್ಕೆ ಸ್ವಲ್ಪ ಮುಂಚೆ ನಿಂತೇ ಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಅದರ ಮುಂದೆ ನಾನು ಕೈಕಟ್ಟಿ ಕುಳಿತಿರುತ್ತಿದ್ದೆನಾದ್ದರಿಂದ ಮನೆಯವರ ಕಣ್ಣಿಗೆ ಪೂರಾ ಬಿಡುವಾಗಿದ್ದವಳು. ಬಾಗಿಲು ತಟ್ಟಿದವರಿಗೆ ತೆರೆಯುವವಳು, ಫೋನ್ ಎತ್ತುವವಳು, ಬಂದವರಿಗೆ ಕಾಫಿ ಕೊಡುವವಳು ನಾನೇ. ಎರಡು ಸಲ ಕೆಲಸ ತಡವಾಗಿ ಕಳಿಸಿದೆ. ಎರಡನೆಯ ಸಲ ಆರ್ಕಿಟೆಕ್ಟರು ಬಯ್ಯಲಿಲ್ಲ, "ಪರ್ವಾಗಿಲ್ಲ" ಎಂದರು. ಅದು ಬಯ್ಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಆಗ ಬಂದವನು ಶ್ರೀನಾಥ. ಅತ್ತಿಗುಪ್ಪೆಯ ತನ್ನ ಮನೆಯ ಹಾಲಿನಲ್ಲೇ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಕಟ್ಟಿಕೊಡುತ್ತಿದ್ದ. ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಅವನಿಗೆ ಎಲ್ಲರೂ ಗೊತ್ತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ದಿವಾನದ ಮೇಲೆ ಕುಳಿತು ಅವನು ಎರಡು ದಾರಿ ಹೇಳಿದ. ಒಂದು, ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಅತಿ ಚುರುಕಾದ ಮಾಮೂಲಿ ಪ್ರೊಸೆಸರ್. ಇನ್ನೊಂದು, ದೊಡ್ಡ ಕಂಪನಿಗಳಲ್ಲಿ ಹಗಲೂ ರಾತ್ರಿ ಆರಿಸದೆ ಓಡಿಸುವ ಸರ್ವರ್‌ಗಳಿಗೆಂದೇ ಮಾಡಿದ ಪ್ರೊಸೆಸರ್, ಒಂದೇ ಬೋರ್ಡಿನ ಮೇಲೆ ಜೋಡಿ ಕೂರುವಂಥದ್ದು.

"ಒಂದೊಂದನ್ನೇ ನೋಡಿದ್ರೆ ಸರ್ವರ್‌ದು ಸ್ವಲ್ಪ ನಿಧಾನ ಅಕ್ಕ. ಆದ್ರೆ ಎರಡಿರುತ್ತಲ್ಲ, ಒಂದು ರೆಂಡರ್ ಮಾಡ್ತಿದ್ರೆ ಇನ್ನೊಂದ್ರಲ್ಲಿ ನೀವು ನಿಮ್ ಕೆಲ್ಸ ಮಾಡ್ಕೋಬೋದು. ಹ್ಯಾಂಗ್ ಆಗೋದು ಕಮ್ಮಿ. ಮೆಮೊರಿನೂ ಬೇರೆ ಥರದ್ದು, ತಪ್ಪಾದ್ರೆ ಅದೇ ಸರಿ ಮಾಡ್ಕೊಳ್ಳುತ್ತೆ."

"ಮನೇಲಿ ತಾನೇ ಮಾಡೋದು," ಎಂದರು ನಮ್ಮವರು. "ಅಷ್ಟೆಲ್ಲ ಯಾಕೆ? ಮಾಮೂಲಿದೇ ಸಾಕಲ್ವಾ?"

ಶ್ರೀನಾಥನಿಗೂ ಅದೇ ಅನ್ನಿಸಿತ್ತು. "ನಿಜ ಹೇಳ್ಬೇಕು ಅಂದ್ರೆ ಸಾರ್, ಸರ್ವರ್‌ದು ಮನೆಗೆ ಅಲ್ಲ. ಸಿಕ್ಕಾಪಟ್ಟೆ ಬಿಸಿ ಆಗುತ್ತೆ. ಅದಕ್ಕೆ ಅಂತ ದೊಡ್ಡ ದೊಡ್ಡ ಫ್ಯಾನು. ಸೌಂಡು ತಡ್ಕೊಳಕ್ಕಾಗಲ್ಲ."

ನಾನು ಎರಡು ಮನಸ್ಸಿನಲ್ಲಿದ್ದೆ. ಮೊದಲನೆಯದು ಸುಲಭ, ಕಡಿಮೆ ಖರ್ಚು, ಗಲಾಟೆಯಿಲ್ಲ. ಎರಡನೆಯದರ ಆಸೆ ಒಳಗೊಳಗೇ ಇದ್ದರೂ ಅದನ್ನು ಕೇಳುವ ಧೈರ್ಯವಿರಲಿಲ್ಲ. ಹೇಳಿದ ದಿನಕ್ಕೆ ಕೆಲಸ ಕೊಡಲಾಗದೆ ಹೆಣಗುತ್ತಿರುವವಳಿಗೆ ಕಂಪನಿಗಳ ಯಂತ್ರ ಯಾಕೆ ಎಂದು ಯಾರಾದರೂ ಕೇಳಿಯಾರು ಎಂಬ ಅಳುಕು.

ಬಾಗಿಲ ಬಳಿ ಮೊರದಲ್ಲಿ ಉದ್ದಿನಬೇಳೆ ಆರಿಸುತ್ತಿದ್ದ ಅತ್ತೆ ತಲೆಯೆತ್ತಿದರು. ನಮ್ಮತ್ತೆ ಒಳ್ಳೆಯವರೇ, ಆದರೆ ಒಳ್ಳೆಯತನವನ್ನು ಬಾಯಿಗೆ ಬರಗೊಡುವವರಲ್ಲ. ನನ್ನ ಕೆಲಸದ ಬಗ್ಗೆ ಅಲ್ಲಿಯವರೆಗೆ ಅವರು ಒಳ್ಳೆಯದೂ ಆಡಿರಲಿಲ್ಲ, ಕೆಟ್ಟದ್ದೂ ಆಡಿರಲಿಲ್ಲ.

"ಎಷ್ಟು ಸದ್ದು ಮಾಡುತ್ತಪ್ಪ ಅದು?"

"ಬಾಗ್ಲು ಹಾಕಿದ್ರೂ ಹಾಲಿಗೆ ಕೇಳ್ಸುತ್ತೆ ಆಂಟಿ."

"ಸೊಸೆ ಒಳಗಡೆ ಕೂತಿದ್ರೆ, ನಾವು ಇಲ್ಲಿಂದ ಕರೆದ್ರೆ ಅವಳಿಗೆ ಕೇಳ್ಸುತ್ತಾ?"

ಶ್ರೀನಾಥ ನನ್ನ ಕಡೆಗೊಮ್ಮೆ ನೋಡಿದ, ಪಾಪ. "ಕೇಳ್ಸಲ್ಲ ಆಂಟಿ. ಅದೇ ಪ್ರಾಬ್ಲಂ."

"ಹಾಗಾದ್ರೆ ಅದೇ ಇರ್ಲಿ," ಎಂದು ಅತ್ತೆ ಮತ್ತೆ ಮೊರದ ಕಡೆ ತಿರುಗಿದರು.

ನಮ್ಮವರು ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ. ಅತ್ತೆಗೆ ಯಾವ ವಸ್ತುವಾದರೂ ಸದ್ದಿನಿಂದಲೇ ಬೆಲೆ. ತೆಂಗಿನಕಾಯಿ ತಟ್ಟಿ ನೋಡುವುದು ಎಲ್ಲರ ಮನೆಯಲ್ಲೂ ಉಂಟು. ಇವರು ಸ್ಟೀಲ್ ಡ್ರಮ್ಮನ್ನೂ ತಟ್ಟುವವರು, ಬೀರುವನ್ನೂ ತಟ್ಟುವವರು. ಸದ್ದು ಜೋರಾಗಿದ್ದರೆ ವಸ್ತು ಗಟ್ಟಿ ಎಂಬ ಹಳೇ ಕಾಲದ ನಂಬಿಕೆ ಇರಬೇಕು ಎಂದುಕೊಂಡೆವು. ಆದರೂ ನಮ್ಮವರು ತಾಯಿಯ ಮಾತು ಮೀರುವವರಲ್ಲ. ನನಗಂತೂ ಕೇಳದೆಯೇ ಬೇಕಾದ್ದು ಸಿಕ್ಕಿತ್ತು. ಹೀಗೆ ನಮ್ಮ ಮನೆಗೆ ಸರ್ವರ್ ಪ್ರೊಸೆಸರ್ ಬಂದದ್ದು ನನ್ನ ತಿಳಿವಳಿಕೆಯಿಂದಲ್ಲ.

ಬಂದದ್ದೂ ಸಲೀಸಾಗಿ ಅಲ್ಲ. ಶ್ರೀನಾಥ ಮೊದಲು ತಂದ ಪೆಟ್ಟಿಗೆಯಲ್ಲಿ ಆ ಬೋರ್ಡು ಹಿಡಿಸಲೇ ಇಲ್ಲ. ದೊಡ್ಡ ಕಬ್ಬಿಣದ ಪೆಟ್ಟಿಗೆಯೊಂದನ್ನು ಸ್ಕೂಟರಿನ ಮುಂದೆ ಕಾಲಿನ ಜಾಗದಲ್ಲಿಟ್ಟುಕೊಂಡು, ಮೊಣಕಾಲುಗಳನ್ನು ಎರಡು ಕಡೆ ಚಾಚಿ, ವಿಜಯನಗರ ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ಅವನು ಬಂದದ್ದನ್ನು ನಾನು ಗೇಟಿನಲ್ಲಿ ನಿಂತು ನೋಡಿದ್ದೇನೆ. ಅತ್ತೆ ಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಸರಿ ಎಂಬಂತೆ ತಲೆಯಾಡಿಸಿದರು. ಅದನ್ನು ಎಲ್ಲಿಡುವುದೆಂದು ತೀರ್ಮಾನಿಸಿದವರೂ ಅವರೇ. ಅಡುಗೆಮನೆಯ ಹಿಂದಿನ ಸ್ಟೋರ್ ರೂಮಿನಲ್ಲಿ, ಅಂದರೆ ಈಗಿನ ನನ್ನ ಈ ಕೋಣೆಯಲ್ಲಿ, ದೊಡ್ಡ ಪವರ್ ಪಾಯಿಂಟ್ ಇತ್ತು. ಅದರ ಕೆಳಗೆ ಕೆಂಪು ಗಾರೆಯ ನೆಲದಲ್ಲಿ ನಾಲ್ಕು ಕಾಲುಗಳ ಗುಳಿ. ಅದು ಯಾವುದರ ಗುರುತು ಎಂದು ಕೇಳಿದೆ.

"ಅಮ್ಮನ ಗ್ರೈಂಡರ್‌ದು," ಎಂದರು ನಮ್ಮವರು. ನಾನು ಸೊಸೆಯಾಗಿ ಬರುವುದಕ್ಕೆ ಮುಂಚಿನ ಮಾತು. ಅಲ್ಲಿ ಹೋಟೆಲಿನವರು ಇಟ್ಟುಕೊಳ್ಳುವಂಥ ದೊಡ್ಡ ಕಲ್ಲಿನ ಗ್ರೈಂಡರ್ ಇತ್ತಂತೆ. ಅತ್ತೆ ದೋಸೆಹಿಟ್ಟು ರುಬ್ಬಿ ಬೀದಿಗೆಲ್ಲ ಮಾರುತ್ತಿದ್ದರಂತೆ. ಸಂಜೆಯಾದರೆ ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುವರು. ತಮಗೆ ಬಡ್ತಿ ಸಿಕ್ಕ ವರ್ಷ ನಮ್ಮವರು, ಅಮ್ಮ ಇನ್ನು ಕಷ್ಟಪಡುವುದು ಬೇಡವೆಂದು, ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ ಚಿಕ್ಕ ಗ್ರೈಂಡರ್ ತಂದುಕೊಟ್ಟರು. ದೊಡ್ಡದು ಮಾಗಡಿ ರಸ್ತೆಯ ಒಂದು ಮೆಸ್ಸಿಗೆ ಹೋಯಿತು. ಹಿಟ್ಟು ಮಾರುವುದೂ ಆಮೇಲೆ ತಾನಾಗಿಯೇ ನಿಂತುಹೋಯಿತು. ಇದನ್ನು ಹೇಳುವಾಗ ನಮ್ಮವರ ಮುಖದಲ್ಲಿ ತಾಯಿಗೆ ಒಳ್ಳೆಯದು ಮಾಡಿದ ಮಗನ ತೃಪ್ತಿಯಿತ್ತು, ಮಾಡಿದ್ದೂ ಪ್ರೀತಿಯಿಂದಲೇ.

"ಹೊಸದು ಸದ್ದೇ ಮಾಡ್ತಿರ್ಲಿಲ್ಲ," ಎಂದರು ಅತ್ತೆ. ಅದನ್ನು ನಾವು ಹೊಗಳಿಕೆ ಎಂದು ತಿಳಿದೆವು.

ಗ್ರೈಂಡರಿನ ಗುಳಿಗಳ ಮೇಲೆಯೇ ನನ್ನ ಕಂಪ್ಯೂಟರ್ ಕುಳಿತಿತು. ಶ್ರೀನಾಥ ಗುಂಡಿ ಒತ್ತಿದಾಗ ಎದ್ದ ಸದ್ದನ್ನು ನಿಮಗೆ ಹೇಗೆ ಹೇಳಲಿ? ಎದುರುಮನೆಯವರು ಬಂದು, "ಫ್ಲೋರ್ ಮಿಲ್ ಹಾಕ್ಸಿದ್ರಾ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಅತ್ತೆಗೆ ಆಗಲಿಲ್ಲ. "ಹೂಂ, ಸೊಸೆದು," ಎಂದರು. ತಿಂಗಳುಗಟ್ಟಲೆ ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡಿದೆ. ಮಗಳು ಮಾತ್ರ ಆ ಸದ್ದಿಗೆ ಎಷ್ಟು ಒಗ್ಗಿಹೋದಳೆಂದರೆ, ಕರೆಂಟ್ ಹೋಗಿ ಯಂತ್ರ ಆರಿತೆಂದರೆ ನಿದ್ದೆಯಿಂದ ಎದ್ದು ಅಳುತ್ತಿದ್ದಳು.

ಅತ್ತೆಗೆ ಒಂದು ಅಭ್ಯಾಸವಿತ್ತು. ದಿನಕ್ಕೊಮ್ಮೆಯಾದರೂ ಒಳಗೆ ಬಂದು, ನನ್ನನ್ನು ಮಾತಾಡಿಸದೆ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಲ್ಲುವರು. ಗ್ರೈಂಡರಿನ ಮೋಟರ್ ಎಷ್ಟು ಬಿಸಿಯಾಗಿದೆ, ಒಳಗಿನ ಹಿಟ್ಟು ಎಲ್ಲಿಗೆ ಬಂದಿದೆ ಎಂಬುದನ್ನು ಹೀಗೆ ಕೈಯಿಟ್ಟೇ ತಿಳಿಯುತ್ತಿದ್ದರಂತೆ. "ಚೆನ್ನಾಗಿ ಕಾದಿದೆ, ಕೆಲ್ಸ ನಡೀತಿದೆ," ಎಂದು ತಮಗೆ ತಾವೇ ಹೇಳಿಕೊಂಡು ಹೋಗುವರು. ಡಿಸೆಂಬರ್ ಬಂದಾಗ ಇನ್ನೊಂದು ಉಪಾಯ ಕಂಡುಕೊಂಡರು. ಬೆಂಗಳೂರಿನ ಚಳಿಗೆ ದೋಸೆಹಿಟ್ಟು ಹುದುಗುವುದಿಲ್ಲವಷ್ಟೆ. ಪೆಟ್ಟಿಗೆಯ ಬೆನ್ನಿನಿಂದ ಬಿಸಿಗಾಳಿ ಬರುವ ಕಡೆ ಹಿಟ್ಟಿನ ಪಾತ್ರೆ ಇಡತೊಡಗಿದರು. ಒಂದು ದಿನ ಹಿಟ್ಟು ಉಬ್ಬಿ, ಮುಚ್ಚಳ ನೂಕಿ, ನೆಲಕ್ಕಿಳಿದು ವೈರುಗಳ ಕಡೆ ಹರಿಯುತ್ತಿದ್ದದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. "ಅತ್ತೆ, ಇದು ಕಂಪನಿಗಳಲ್ಲಿ ಇಡೋ ಮೆಷಿನ್," ಎಂದು ಕೂಗಾಡಿದೆ. ಅವರು ಒರೆಸುತ್ತಾ, "ಆ ಕಂಪನಿಯವರಿಗೆ ದೋಸೆ ಬೇಡ್ವಂತಾ?" ಎಂದರು. ಬಿಸಿಯಾದ ಧೂಳು ಮತ್ತು ಹುಳಿಬಂದ ಹಿಟ್ಟು ಸೇರಿದ ಆ ವಾಸನೆ ಈಗಲೂ ನನಗೆ ಕೆಲಸದ ವಾಸನೆಯೇ.

ಹೊಸ ಯಂತ್ರದಲ್ಲಿ ಮಾಡಿದ ಮೊದಲನೇ ದೊಡ್ಡ ಕೆಲಸ ಕೆಂಗೇರಿಯ ಕಡೆಯ ಒಂದು ಅಪಾರ್ಟ್‌ಮೆಂಟಿನದು. ಅದನ್ನು ಕೊಡಬೇಕಾದ ದಿನವೇ ನಮ್ಮವರ ಚಿಕ್ಕಮ್ಮ ಹೇಳದೆ ಕೇಳದೆ ಬಂದಿಳಿದರು. ನಾನು ಕೊನೆಯ ಭಾಗದಲ್ಲಿದ್ದೆ. ಎದ್ದು ಹೋದರೆ ಕಾಫಿ, ಆಮೇಲೆ ತಿಂಡಿ, ಆಮೇಲೆ ಊಟ, ಆಮೇಲೆ ಕುಂಕುಮ ಕೊಟ್ಟು ಕಳಿಸುವವರೆಗೆ ಬಿಡುಗಡೆಯಿಲ್ಲ. ಹೋಗದಿದ್ದರೆ ಊರೆಲ್ಲ ಮಾತಾಗುತ್ತದೆ. ಏಳಬೇಕೆಂದು ಬಾಗಿಲವರೆಗೆ ಬಂದವಳಿಗೆ ಆಚೆಯ ಮಾತು ಕೇಳಿಸಿತು.

"ಸೊಸೆ ಎಲ್ಲಿ ಅಕ್ಕ? ಕಾಣ್ಸೋದೇ ಇಲ್ಲ."

"ಕೆಲ್ಸದಲ್ಲಿದ್ದಾಳೆ. ಮೆಷಿನ್ ಓಡ್ತಿದೆ, ಕೇಳ್ಸಲ್ವಾ? ಅದು ನಿಲ್ಲೋವರ್ಗೂ ಅವಳು ಬರಲ್ಲ. ನೀನು ಕೂತ್ಕೋ, ನಾನು ಕಾಫಿ ಮಾಡ್ತೀನಿ."

ನಾನು ಸದ್ದಾಗದಂತೆ ಹಿಂದೆ ಬಂದು ಕುಳಿತೆ. ಆ ಗದ್ದಲದಲ್ಲಿ ಸದ್ದಾಗದಂತೆ ನಡೆಯುವ ಅಗತ್ಯವೇ ಇರಲಿಲ್ಲ. ಹೇಳಿದ ದಿನಕ್ಕೆ ಕೆಲಸ ತಲುಪಿತು. ಆರ್ಕಿಟೆಕ್ಟರು ಫೋನ್ ಮಾಡಿ, "ಮುಂದಿನದು ಯಾವಾಗ ಕಳಿಸ್ಲಿ?" ಎಂದು ಕೇಳಿದರು. ನನ್ನ ಜಾಗ ನನಗೆ ಉಳಿಯಿತು. ಅವತ್ತು ಅತ್ತೆಯ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದು ಅವರಿಗೆ ಹೇಳಬೇಕೆನ್ನಿಸಿತು. ಅವರು ಚಿಕ್ಕಮ್ಮ ತಂದ ಬಾಳೆಹಣ್ಣು ಹಾಗಿದೆ, ಹೀಗಿದೆ ಎಂದು ದೂರುವುದರಲ್ಲಿ ಮುಳುಗಿದ್ದರು.

ಆ ಪ್ರೊಸೆಸರ್ ಜೋಡಿ ವರ್ಷಾನುಗಟ್ಟಲೆ ದುಡಿಯಿತು. ಅದರ ನಂತರ ಬಂದ ಒಂದೆರಡು ಯಂತ್ರಗಳೂ ಅಷ್ಟಿಲ್ಲದಿದ್ದರೂ ತಕ್ಕಮಟ್ಟಿಗೆ ಗಲಾಟೆಯವೇ. ಪ್ರತಿಸಲವೂ ನಾನು ಮುಂದಿನದು ಇದಕ್ಕಿಂತ ಮೆತ್ತಗಿರಲಿ ಎಂದು ಬಯಸಿದೆ. ಕೊನೆಗೆ ಮೊನ್ನೆ ಆ ಬಯಕೆ ಪೂರ್ತಿ ಈಡೇರಿತು. ಈಡೇರಿದ ದಿನವೇ ನನ್ನ ಕೋಣೆ, ನಾನು ಬರೆದುಕೊಟ್ಟ ಅಷ್ಟೊಂದು ಓಪನ್ ಕಿಚನ್‌ಗಳಲ್ಲಿ ಒಂದಾಗಿಹೋಗಿತ್ತು. ನಮ್ಮವರದ್ದಾಗಲಿ ಮಗಳದ್ದಾಗಲಿ ತಪ್ಪೇನೂ ಇಲ್ಲ. ಒಳಗೆ ಒಬ್ಬಳು ದುಡಿಯುತ್ತಿದ್ದಾಳೆ ಎಂದು ಅವರಿಗೆ ಇಷ್ಟು ವರ್ಷ ತಿಳಿಸುತ್ತಿದ್ದದ್ದು ಆ ಫ್ಯಾನುಗಳು. ಅಟ್ಟದ ಪೆಟ್ಟಿಗೆಯನ್ನು ನೋಡುತ್ತಾ ಕುಳಿತವಳಿಗೆ ಅತ್ತೆ ಅಂದು ಶ್ರೀನಾಥನನ್ನು ಕೇಳಿದ್ದೇನು ಎಂಬುದು ಆಗ ತಾನೇ ಕೇಳಿದಷ್ಟು ಸ್ಪಷ್ಟವಾಯಿತು. ಗಟ್ಟಿಯೋ ಅಲ್ಲವೋ ಎಂದು ಅವರು ಕೇಳಿರಲೇ ಇಲ್ಲ. ಕರೆದರೆ ಅವಳಿಗೆ ಕೇಳಿಸುತ್ತದೆಯೇ ಎಂದು ಕೇಳಿದ್ದರು.

ನಿನ್ನೆ ಬೆಳಿಗ್ಗೆ ಸ್ಟೂಲ್ ಹಾಕಿ, ಮಗಳ ಕೈಲಿ ಹಿಡಿಸಿ, ಪೆಟ್ಟಿಗೆಯನ್ನು ಕೆಳಗಿಳಿಸಿದೆ. "ಇದ್ಯಾಕಮ್ಮ?" ಎಂದಳು. "ಬೇಕು," ಎಂದೆ. ಹಳೆಯ ಗುಳಿಗಳ ಮೇಲೆ ಕೂರಿಸಿ ಪವರ್ ಪಾಯಿಂಟಿಗೆ ಸಿಕ್ಕಿಸಿದೆ. ಡಿಸ್ಕ್ ಎಂದೋ ಸತ್ತಿದೆ. ಪರದೆ ಜೋಡಿಸುವ ಗೋಜಿಗೇ ಹೋಗಲಿಲ್ಲ. ಗುಂಡಿ ಒತ್ತಿದೆ. ಒಂದು ಕ್ಷಣ ಯೋಚಿಸಿ, ಕೆಮ್ಮಿ, ಧೂಳು ಉಗುಳಿ, ಎಲ್ಲ ಫ್ಯಾನುಗಳೂ ಒಟ್ಟಿಗೆ ಎದ್ದವು. ಬಾಗಿಲು ಹಾಕಿಕೊಂಡು, ಮೇಜಿನ ಮೇಲಿನ ಸದ್ದಿಲ್ಲದ ಡಬ್ಬಿಯಲ್ಲಿ ನನ್ನ ಕೆಲಸ ಶುರುಮಾಡಿದೆ. ಬೆಳಿಗ್ಗೆಯೆಲ್ಲ ಯಾರೂ ಬರಲಿಲ್ಲ.

ಊಟದ ಹೊತ್ತಿಗೆ ಬಾಗಿಲು ತೆರೆಯಿತು. ಅತ್ತೆ. ಅವರಿಗೀಗ ಎಂಬತ್ತು ದಾಟಿದೆ, ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ನನ್ನನ್ನು ಮಾತಾಡಿಸದೆ ಸೀದಾ ಪೆಟ್ಟಿಗೆಯ ಹತ್ತಿರ ಹೋಗಿ ಅಂಗೈ ಇಟ್ಟರು. ಇಟ್ಟ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. ಪೆಟ್ಟಿಗೆಗೆ ಹಿಂದಿನ ಕಾವು ಇರಲಿಲ್ಲ. ಅವರು ತಿರುಗಿ ನನ್ನ ಮುಖ ನೋಡಿದರು. ಚಿಕ್ಕ ಮಗುವಿನ ಹಾಗೆ ನಾನು ಸಿಕ್ಕಿಬಿದ್ದಿದ್ದೆ.

"ಇದಕ್ಕೆ ಏನೂ ಹಾಕಿಲ್ಲ ಅಲ್ವಾ?"

"ಇಲ್ಲ ಅತ್ತೆ. ಸುಮ್ನೆ ಓಡ್ತಿದೆ."

ಬಯ್ಯುತ್ತಾರೆ ಎಂದುಕೊಂಡೆ. ಅವರು ಬಾಗಿಲು ಮುಂದಕ್ಕೆ ತಳ್ಳಿ, ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕುಳಿತರು.

"ನಾನೂ ಹಾಗೇ ಮಾಡ್ತಿದ್ದೆ ಕಣೇ. ಹಿಟ್ಟೆಲ್ಲ ತೆಗೆದ್ಮೇಲೆ ಒಂದು ಚೊಂಬು ನೀರು ಹಾಕಿ ಓಡಿಸ್ತಿದ್ದೆ. ಕಲ್ಲು ತೊಳೀತಿದಾಳೆ ಅಂದ್ಕೊಳ್ಳೋರು ಎಲ್ರೂ."

"ಆಗ ಏನು ಮಾಡ್ತಿದ್ರಿ ಅತ್ತೆ?"

"ಏನೂ ಇಲ್ಲ. ಕೂತಿರ್ತಿದ್ದೆ."

ಹಾಲಿನಿಂದ ನಮ್ಮವರು ಕರೆದರು. ಮೊದಲು ನನ್ನನ್ನು, ಆಮೇಲೆ "ಅಮ್ಮಾ" ಎಂದು. ಗದ್ದಲದ ನಡುವೆಯೂ ಇಬ್ಬರಿಗೂ ಚೆನ್ನಾಗಿಯೇ ಕೇಳಿಸಿತು. ನಾನು ಏಳಲು ಹೊರಟೆ. ಅತ್ತೆ ನನ್ನ ಮೊಣಕೈ ಹಿಡಿದು ಕೂರಿಸಿದರು.

"ಕೇಳ್ಸಲ್ಲ ಬಿಡು," ಎಂದರು.